ಬೀಗತಿ ಕಳಿಸಿದ ಹಳದಿ ಪುಡಿ

ಮೊಮ್ಮಗಳು ಹುಟ್ಟಿದ ಸುದ್ದಿ ರಾಯಚೂರಿನ ಆಸ್ಪತ್ರೆಯಿಂದ ಬಂದ ದಿನ ದೇವದುರ್ಗದ ನಮ್ಮ ಓಣಿಯಲ್ಲಿ ಒಂದು ಮನೆಯನ್ನೂ ಬಿಡದೆ ಸಕ್ಕರೆ ಹಂಚಿದೆ. ನಾಲ್ಕು ಗಂಡು ಮೊಮ್ಮಕ್ಕಳ ಮೇಲೆ ಹುಟ್ಟಿದ ಹೆಣ್ಣು! ಬೇಡವೆಂದವರ ಬಾಯಿಗೂ ಹಾಕಿದೆ.

ಚಿಂತೆ ಒಂದೇ. ಕೆಲವು ತಿಂಗಳಿಂದ ನನಗೆ ಅರ್ಧ ತಾಸಿಗೊಮ್ಮೆ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ತೊಟ್ಟಿಲ ಕಾರ್ಯ ಮಾನ್ವಿಯಲ್ಲಿ, ಕಿರಿಸೊಸೆಯ ತವರಿನಲ್ಲಿ. ನಮ್ಮಲ್ಲಿ ಕಿವಿಯಲ್ಲಿ ಹೆಸರು ಹೇಳುವ ತನಕ ಕೂಸು ಅಪ್ಪನ ತಾಯಿಯ ಮಡಿಲಲ್ಲಿರಬೇಕು. ನಡುವೆ ಎದ್ದರೆ ಬೀಗತಿಯ ಮಡಿಲಿಗೆ ಹೋಯಿತು, ಮತ್ತೆ ತಿರುಗಿ ಬರುವುದಿಲ್ಲ.

ಅಷ್ಟರಲ್ಲಿ ಅದೇ ಬೀಗತಿ ನನ್ನ ಮಗನ ಕೈಯಲ್ಲಿ ಒಂದು ಬಾಟಲಿ ಕಳಿಸಿದಳು. ಒಳಗೆ ಹಳದಿ ಪುಡಿ.

"ತಂಗಡಿ ಹೂವಿನ ಪುಡಿ ಅಂತ, ಯವ್ವಾ. ಮುಂಜಾನಿ ಬಿಸಿನೀರಾಗ ಕುಡಿಬೇಕಂತ. ಮ್ಯಾಲಿಂದ ಮ್ಯಾಲೆ ಹೋಗೋದು ಕಡಿಮಿ ಆಗ್ತದಂತ."

"ನಾ ಮ್ಯಾಲಿಂದ ಮ್ಯಾಲೆ ಹೋಗ್ತೀನಂತ ಆಕಿಗಿ ಯಾರು ಹೇಳಿದ್ರಲೇ?"

ಮಗ ಮೊಬೈಲ್ ನೋಡತೊಡಗಿದ.

ಮಗನ ಮದುವೆಯಲ್ಲಿ ಬೀಗತಿ ತಂದ ಸೀರೆಯ ಬಣ್ಣ ಚೆನ್ನಾಗಿಲ್ಲವೆಂದು ನಾಲ್ಕು ಜನರೆದುರು ಅಂದವಳು ನಾನು. ಅದನ್ನು ಮರೆತು ನನಗಾಗಿ ಹೂವು ಒಣಗಿಸಿ ಕುಟ್ಟುತ್ತಾಳೆಯೇ? ಕುಡಿದು ನಾನು ಇನ್ನಷ್ಟು ಓಡಾಡಲಿ, ಕೂಸು ತನ್ನ ಮಡಿಲಿಗೆ ಬರಲಿ ಎಂಬ ಹಂಚಿಕೆ ಇರಬಾರದೇಕೆ? ಮೂಸಿದೆ. ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿದೆ, ಒಗರು. ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ನನ್ನ ಔಷಧ ನನಗೆ ಗೊತ್ತಿತ್ತು. ಹಿಂದೆ ಯಜಮಾನರಿಗೆ ಮೂತ್ರದ ತೊಂದರೆಯಾದಾಗ ನೆಗ್ಗಿಲು ಮುಳ್ಳಿನ ಕಷಾಯ ಕುಡಿಸಿದ್ದೆ, ಎರಡೇ ದಿನಕ್ಕೆ ಹಗುರಾಗಿದ್ದರು. ಹೊಲದ ಬದುವಿನಿಂದ ಮುಳ್ಳು ಆರಿಸಿ ತಂದು ಕುದಿಸಿ ದಿನಕ್ಕೆ ಎರಡು ಲೋಟ ಕುಡಿದೆ.

ತೊಟ್ಟಿಲಿಗೆ ನಾಲ್ಕು ದಿನ ಮೊದಲೇ ಮಾನ್ವಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಮೂರು ಸಲ ಬಸ್ಸು ನಿಲ್ಲಿಸಿದೆ. ಕಂಡಕ್ಟರ್, "ಅಮ್ಮಾ, ನಿಮಗ ಒಂದ್ ಆಟೋ ಮಾಡಿಕೊಡ್ಲೇನು?" ಅಂದ. ನಾಲಿಗೆಗೆ ಹಚ್ಚಿದ ಆ ಚಿಟಿಕೆಯದೇ ಕೆಲಸ ಇದು, ಎಂದುಕೊಂಡೆ. ಬೀಗರ ಮನೆಯಲ್ಲಿ ಚಹಾ ಕೊಟ್ಟರೂ ಮೊದಲು ಆಕೆ ಕುಡಿಯಲಿ ಎಂದು ಕಾದೆ.

ಮರುದಿನ ಬೀಗತಿ ಕೇಳಿಯೇ ಬಿಟ್ಟಳು. "ನನ್ನ ಪುಡಿ ಕುಡದ್ರಿಲ್ಲೋ?"

"ಕುಡದೀನ್ರಿ," ಅಂದೆ.

"ಮತ್ತ ಈ ಸೀಸೆದಾಗ ಏನದ?" ನನ್ನ ಚೀಲದಿಂದ ಹೊರಗಿಣುಕುತ್ತಿದ್ದ ಕಷಾಯದ ಸೀಸೆಯನ್ನು ಎತ್ತಿ ಮೂಸಿದಳು. "ನೆಗ್ಗಿಲು!" ಹಿಂದೆ ಯಜಮಾನರಿಗೆ ಇದರಿಂದಲೇ ಹಗುರಾಗಿತ್ತೆಂದೆ. "ಬೀಗರಿಗೆ ಆಗ ಏನಾಗಿತ್ರಿ?"

"ಮೂತ್ರ ಕಟ್ಟಿತ್ತು."

"ಅವರಿಗಿ ಕಟ್ಟಿದ್ದನ್ನ ಬಿಡಿಸಿದ್ರಿ. ನಿಮಗ ಕಟ್ಟೇ ಇಲ್ಲಲ್ರೀ, ಯವ್ವಾ!" ಸೆರಗು ಬಾಯಿಗಿಟ್ಟು ನಕ್ಕಳು. ನನಗೂ ನಗು ಬಂತು, ಆದರೆ ತೋರಿಸಲಿಲ್ಲ. "ನನ್ನ ಪುಡೀನೂ ಇರಲಿ, ಮೊದಲ ಡಾಕ್ಟರಿಗೆ ರಕ್ತದಾಗಿನ ಸಕ್ಕರಿ ತೋರಿಸ್ರಿ," ಅಂದಳು. ಇದರಲ್ಲೂ ಏನೋ ಇದೆ ಎನ್ನಿಸಿತು. ಆದರೂ ಮಗನೊಂದಿಗೆ ರಾಯಚೂರಿಗೆ ಹೋದೆ. ಸಕ್ಕರೆ ಇದ್ದದ್ದು ನಿಜ. ಡಾಕ್ಟರು ಗುಳಿಗೆ ಬರೆದುಕೊಟ್ಟು, ಯಾವ ಪುಡಿ ಕುಡಿದರೂ ತನಗೆ ಹೇಳಿ ಕುಡಿಯಬೇಕೆಂದರು. ಕಷಾಯವನ್ನು ಬೀಗತಿಯೇ ಬಚ್ಚಲಿಗೆ ಸುರಿದಳು.

ತೊಟ್ಟಿಲ ದಿನ ಮುಂಜಾನೆಯಿಂದ ಚಹಾ ಮುಟ್ಟಲಿಲ್ಲ. ಕೂಸನ್ನು ಮಡಿಲಿಗೆ ಕೊಟ್ಟರು. ಏನು ಮೂಗು, ಏನು ಬೆರಳು! ಹಾಡು ನಡೆದೇ ಇತ್ತು. ಒಮ್ಮೆಲೇ ತೊಡೆ ಬೆಚ್ಚಗಾಯಿತು. ಹೋಯಿತು ಮಾನ. ಪಕ್ಕದಲ್ಲಿ ಕುಳಿತ ಬೀಗತಿ ಕೈಯೊಡ್ಡಿದಳು. ಕೂಸನ್ನು ಕಸಿಯಲೆಂದೇ ಕಾಯುತ್ತಿದ್ದಳು ನೋಡಿ, ಎಂದುಕೊಂಡೆ. ಆಕೆ ಕೂಸಿನ ಕೆಳಗೆ ಕೈಯಾಡಿಸಿ, ಒಂದು ಒಣ ಅರಿವೆ ತುರುಕಿ, ಕಿವಿಯಲ್ಲಿ ಅಂದಳು, "ನಿಮ್ಮದಲ್ರೀ, ಮೊಮ್ಮಗಳದು. ಕುಂದರ್ರಿ ಸುಮ್ನ."

ಕುಂತೆ. ಹೆಸರು ಹೇಳುವ ತನಕ ಏಳಲಿಲ್ಲ, ಹೇಳಿದ ಮೇಲೂ ಏಳಲಿಲ್ಲ.