ಪಾರ್ವತಕ್ಕನ ಫೋನ್ ಅಮಾವಾಸ್ಯೆ

ಯಾರಾದರೂ ಫೋಟೊ ತೆಗೆಯಲು ಫೋನು ಎತ್ತಿದರೆ ಸಾಕು, ಪಾರ್ವತಕ್ಕ ಅದನ್ನು ಕಸಿದುಕೊಳ್ಳುತ್ತಿದ್ದಳು. ಕ್ಯಾಮೆರಾದ ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಸೆರಗಿನ ಮೆತ್ತನೆಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಡುತ್ತಿದ್ದಳು. "ಎಣ್ಣಿ ಕೈಲೆ ಹಿಡಿದು ಹಿಡಿದು ಅದರ ಕಣ್ಣಿಗೆ ಪೊರಿ ಬಂದೈತಿ. ಮೊದ್ಲ ಒರೆಸು, ಆಮ್ಯಾಲ ತೆಗಿ" ಎನ್ನುವಳು. ನಮ್ಮ ಮೈದುನನ ಮದುವೆಯಲ್ಲಿ ಬಾಡಿಗೆಗೆ ಬಂದ ಫೋಟೊಗ್ರಾಫರನ ದೊಡ್ಡ ಕ್ಯಾಮೆರಾಕ್ಕೂ ಕೈ ಹಾಕಿದ ಪುಣ್ಯಾತ್ಮಳು ಅವಳು.

ಸಿರುಗುಪ್ಪದಿಂದ ಆಂಧ್ರದ ಗಡಿಯೊಳಗಿನ ಆದವಾನಿಗೆ ಸೊಸೆಯಾಗಿ ಬಂದ ನನಗೆ ಪಕ್ಕದ ಮನೆಯ ಪಾರ್ವತಕ್ಕನೇ ತವರು. ಅವಳ ಗಂಡನದು ಹತ್ತಿ ಮಂಡಿ. ಮಗಳು ಶಾಂತಾಳನ್ನು ಆಲೂರಿಗೆ ಕೊಟ್ಟಿದ್ದರು. ಅಕ್ಕ ಓದಿದ್ದೆಲ್ಲ ತೆಲುಗಿನಲ್ಲಿ. ಕನ್ನಡ ಅವಳ ನಾಲಗೆಯ ಮೇಲೆ ಇತ್ತು, ಬೆರಳಿಗೆ ಬರುತ್ತಿರಲಿಲ್ಲ. ಹಾಗಾಗಿ ಏನಿದ್ದರೂ ವಾಯ್ಸ್ ಮೆಸೇಜು, ಅದೂ ಗೋಡೆಯಾಚೆಯಿಂದ.

ಒಮ್ಮೆ ಅಡುಗೆಮನೆಯಲ್ಲಿ ಅವಳ ಮೆಸೇಜು ತೆರೆದೆ. ಧ್ವನಿ ಮನೆಯೆಲ್ಲ ಮೊಳಗಿತು. "ಸುಮಂಗಲಾ, ಶೇಂಗಾ ಹೋಳಿಗಿ ಮಾಡೀನಿ, ಡಬ್ಬಿ ತಗೊಂಡು ಬಾ. ನಿಮ್ಮತ್ತಿಗೆ ಹೇಳಬ್ಯಾಡ, ಆಕಿಗೆ ಸಕ್ರಿ ರೋಗ ಐತಿ." ಅತ್ತೆ ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಎರಡು ದಿನ ನನ್ನೊಂದಿಗೆ ಮಾತಿಲ್ಲ. ಪಾರ್ವತಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು ನನಗೆ ಪಾಠ ಹೇಳಿದಳು: "ಒತ್ತಿದ ಕೂಡ್ಲೆ ಕಿವಿಗೆ ಹಿಡ್ಕೊಬೇಕು ನೋಡು, ಫೋನ್ ಬಂದಾಗ ಹಿಡ್ಕೊಂತೀವಲ್ಲ, ಹಂಗ. ಆಗ ನಿನಗೊಬ್ಬಾಕಿಗೇ ಕೇಳ್ತೈತಿ." ಅಂದಿನಿಂದ ಅವಳ ಮಾತನ್ನು ನಾನು ಕಿವಿಗೆ ಹಿಡಿದೇ ಕೇಳಿದೆ.

ಹತ್ತಿಯ ಊರಿನಲ್ಲಿ ಗಾಳಿಯಲ್ಲೂ ಹತ್ತಿಯೇ. ಎದುರು ಮನೆಯ ಆಟೊ ಡ್ರೈವರ್ ಒಮ್ಮೆ ಚಾರ್ಜ್ ಏರುತ್ತಿಲ್ಲವೆಂದು ಹೊಸ ಫೋನು ಕೊಳ್ಳಲು ಹೊರಟಿದ್ದ. ಪಾರ್ವತಕ್ಕ ಅವನನ್ನು ನಿಲ್ಲಿಸಿ, ಫೋನನ್ನು ಪೂರ್ತಿ ಆಫ್ ಮಾಡಿಸಿ, ಒಣ ಕಡ್ಡಿಯ ತುದಿಯಿಂದ ಚಾರ್ಜರಿನ ತೂತನ್ನು ಮೆಲ್ಲಗೆ ಕೆದಕಿದಳು. ಧೂಳು ಸೇರಿ ಗಟ್ಟಿಯಾದ ಅರಳೆ ಹೊರಬಂತು. "ಇದರಾಗ ಒಂದು ಬತ್ತಿ ಹೊಸಿಬೌದಲ್ಲೋ" ಎಂದು ಅದನ್ನು ಅವನ ಅಂಗೈಯಲ್ಲಿಟ್ಟು, "ಇಂಕ ಪೋ ನಾಯನಾ" ಎಂದು ತೆಲುಗಿನಲ್ಲಿ ಸಾಗಹಾಕಿದಳು.

ಆದರೆ ಅವಳ ದೊಡ್ಡ ಹಟ ಅಮಾವಾಸ್ಯೆಯದು. ಅಂದು ಮಂಡಿಯಲ್ಲಿ ತಕ್ಕಡಿ ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾರೆ. "ತಕ್ಕಡಿಗೆ ಅಮಾಸಿ ಐತಿ, ಗಾಡಿಗೆ ಐತಿ, ದಿನಾ ದುಡಿಯೋ ಫೋನಿಗ್ಯಾಕ ಇಲ್ಲ?" ಎಂದು ಅವಳೇ ಒಂದು ಪದ್ಧತಿ ಹಾಕಿದಳು. ಅಮಾವಾಸ್ಯೆಯ ಸಂಜೆ ಓಣಿಯ ಹೆಂಗಸರೆಲ್ಲ ಅವಳ ಕಟ್ಟೆಗೆ ಫೋನು ತರಬೇಕು. ಶುಭೋದಯದ ಹೂವು, ದೇವರ ಪಟ, ಎರಡೆರಡು ಬಾರಿ ಬಂದ ಫೋಟೊ, ಕೇಳಿ ಮುಗಿದ ವಾಯ್ಸ್ ಮೆಸೇಜು, ಎಲ್ಲ ಅಳಿಸಿ ತೆಗೆದು, ಫೋನಿನ ಬೆನ್ನಿಗೆ ವಿಭೂತಿಯ ಗೆರೆ ಎಳೆದು ಕೊಡುತ್ತಿದ್ದಳು. ಫೋನುಗಳು ನಿಜವಾಗಿಯೂ ಚುರುಕಾಗುತ್ತಿದ್ದವು. ಒಮ್ಮೆ ನಾನು, "ಅಕ್ಕಾ, ನಿನ್ನ ಮಾತು ಇರಲಿ ಬಿಡು" ಎಂದೆ. "ನನ್ನ ಮಾತೇನು ಉಪ್ಪಿನಕಾಯೇನ, ಇಟ್ಟು ತಿನ್ನಾಕ? ನಾಳೆ ಮತ್ತ ಮಾತಾಡ್ತೀನಲ್ಲ" ಎಂದು ಅಳಿಸಿದಳು.

ಕಳೆದ ಮಾಘದ ಅಮಾವಾಸ್ಯೆಗೂ ಹಾಗೇ ಮಾಡಿದಳು. "ನೋಡು, ಎಷ್ಟು ಹಗುರಾತು" ಎಂದು ಫೋನನ್ನು ನನ್ನ ಕೈಯಲ್ಲಿ ಇಟ್ಟಳು. ಮರುದಿನ ಮುಂಜಾನೆಯೇ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಶಾಂತಾ ನಮ್ಮ ಮನೆಗೆ ಬಂದಳು. ಕುಳಿತುಕೊಳ್ಳಲೂ ಇಲ್ಲ. "ಚಿಗವ್ವಾ, ನಿಮ್ಮ ಫೋನ್ಯಾಗ ಅವ್ವಂದು ಒಂದು ಮಾತಾದ್ರೂ ಐತೇನ್ರಿ? ಬೈದದ್ದಾದ್ರೂ ಸರಿ. ನನ್ನ ಫೋನು ಆಕಿ ಮಾತು ಕೇಳಿ ನಾನೇ ಸ್ವಚ್ಛ ಮಾಡೀನಿ. ಆಕಿ ಫೋನ್ಯಾಗೂ ಏನಿಲ್ಲ."

ಹುಡುಕಿದೆ. ಓಣಿಯ ಒಂದೊಂದು ಮನೆಗೂ ಹೋಗಿ ಕೇಳಿದೆವು. ಫೋಟೊಗಳು ಬೇಕಾದಷ್ಟು ಸಿಕ್ಕವು, ಒರೆಸಿದ ಗಾಜಿನಲ್ಲಿ ತೆಗೆದ ಸ್ಪಷ್ಟ ಫೋಟೊಗಳು. ಧ್ವನಿ ಎಲ್ಲೂ ಇರಲಿಲ್ಲ. ಅವಳ ಮಾತನ್ನು ಯಾರೂ ಮೀರಿರಲಿಲ್ಲ. ಒಬ್ಬರಾದರೂ ಸೋಮಾರಿಗಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಸಂಜೆ ನನಗೆ ಅಳು ಬಂತು.

ಮುಂದಿನ ಅಮಾವಾಸ್ಯೆಗೆ ಯಾರೂ ಕಟ್ಟೆಗೆ ಫೋನು ತರಲಿಲ್ಲ. ಸಂಜೆ ಆಲೂರಿನಿಂದ ಶಾಂತಾಳ ವಾಯ್ಸ್ ಮೆಸೇಜು ಬಂತು. ಕಿವಿಗೆ ಹಿಡಿದೆ. "ಚಿಗವ್ವಾ, ಹೋಳಿಗಿ ಮಾಡೀನಿ. ಅವ್ವನ ಕೈರುಚಿ ಬಂದಿಲ್ಲ. ಈ ಮಾತು ತೆಗಿಬ್ಯಾಡ್ರಿ, ಇರಲಿ."

ತೆಗೆದಿಲ್ಲ. ಫೋನಿನಲ್ಲಿ ಶಾಂತಾಳ ಹೆಸರಿನ ಕೆಳಗೆ ಪಾರ್ವತಕ್ಕನ ಹೆಸರು ಹಾಗೇ ಇದೆ. ಮುಟ್ಟಿದರೆ ತೆರೆದುಕೊಳ್ಳುತ್ತದೆ. ಒಳಗೆ ಗುಡಿಸಿ ಒರೆಸಿಟ್ಟ ಹಾಗೆ ಸ್ವಚ್ಛವಾಗಿದೆ.