ಗಾಡಿ ಎಣಿಸುವವನ ಹೆಬ್ಬೆರಳು

ಬೀದಿಯವರು ಅವನನ್ನು ಹೆಬ್ಬೆಟ್ಟು ಎಂದೇ ಕರೆಯುತ್ತಿದ್ದರು. ಓದುಬರಹ ಬಾರದವನೆಂದಲ್ಲ, ಹತ್ತನೇ ಕ್ಲಾಸು ಪಾಸಾಗಿದ್ದ, ಅಕ್ಷರ ಮುತ್ತಿನಂತಿತ್ತು. ಆದರೆ ಇಪ್ಪತ್ತೆರಡು ವರ್ಷದಿಂದ ಹೊಟ್ಟೆ ಹೊರೆಯುತ್ತಿದ್ದದ್ದು ಹೆಬ್ಬೆರಳು. ರಸ್ತೆ ಇಲಾಖೆಯವರು ಹೇಳಿದ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಅದಕ್ಕೆ ಕೂರಿಸಿದ ಎರಡು ಪುಟ್ಟ ಎಣಿಕೆ ಯಂತ್ರಗಳನ್ನು ಒತ್ತುವುದು ಅವನ ಕೆಲಸ. ಎಡಗಡೆಯದು ಸ್ಕೂಟರು ಬೈಕುಗಳಿಗೆ, ಬಲಗಡೆಯದು ಉಳಿದವಕ್ಕೆ. ಗಾಡಿ ಒಂದು ಹೋದರೆ ಒಂದು ಟಿಕ್.

ಶುರುವಿನಲ್ಲಿ ಎರಡು ಟಿಕ್‌ಗಳ ನಡುವೆ ಒಂದು ಕೋಳಿನಿದ್ದೆ ತೆಗೆಯಬಹುದಿತ್ತು. ಈಗ ಮೂಗು ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ನಡೆಯುತ್ತಿದ್ದವರಿಗೆ ಸ್ಕೂಟರು ಬಂತು, ಸ್ಕೂಟರಿನವರಿಗೆ ಕಾರು ಬಂತು, ಕಾರಿನವರು ಮಗಳಿಗೂ ಒಂದು ಕೊಂಡರು. ರಸ್ತೆ ಮಾತ್ರ ಅಜ್ಜನ ಕಾಲದ್ದೇ. ಒಂದು ನಾಯಿ ಅಡ್ಡ ಬಂದರೆ ಸಾಕು, ಹಾರ್ನ್ ಹೊಡೆದರೆ ರಸ್ತೆ ಅಗಲವಾಗುತ್ತದೆ ಎಂಬಂತೆ ಎಲ್ಲರೂ ಬಾರಿಸುತ್ತಾರೆ. ಹೊಗೆ ಕುಡಿದು ಕುಡಿದು ಅವನ ನಾಲಿಗೆಗೆ ಊಟದ ರುಚಿಯೇ ಹೋಗಿತ್ತು. ಆದರೂ ಒಂದು ಹೆಮ್ಮೆ ಉಳಿದಿತ್ತು: ಕಣ್ಣೆದುರು ಹೋದ ಒಂದು ಗಾಡಿಯನ್ನೂ ಬಿಟ್ಟವನಲ್ಲ. ಎಲ್ಲೇ ರಸ್ತೆ ಅಗಲವಾಗಲಿ, "ಅದು ನನ್ನ ಲೆಕ್ಕದ ಮೇಲೆ ಆಗಿದ್ದು" ಎಂದು ಹೆಂಡತಿಯೆದುರು ಹೇಳಿಕೊಳ್ಳುತ್ತಿದ್ದ.

ಈ ಸಲ ಕುರ್ಚಿ ಹಾಕಲು ಹೇಳಿದ್ದು ಅವನದೇ ಬೀದಿಯ ತುದಿಯಲ್ಲಿ. ಮೂರು ದಿನದ ಎಣಿಕೆ. ದಿನಕ್ಕೆ ಎಂಟು ಸಾವಿರ ಗಾಡಿ ದಾಟಿದರೆ ರಸ್ತೆಗೆ ಎರಡೂ ಕಡೆ ಏಳಡಿ ಸೇರುತ್ತದೆ. ಏಳಡಿ ಎಂದರೆ ಅವನ ಮನೆಯ ಮುಂದಿನ ಕೋಣೆ. ಕಿಟಕಿ ಇದ್ದದ್ದು ಅದಕ್ಕೊಂದಕ್ಕೇ, ಹೆಂಡತಿಯ ಹೊಲಿಗೆ ಯಂತ್ರ ಇದ್ದದ್ದೂ ಅದರಲ್ಲೇ.

"ಎಲ್ಲಾ ಗಾಡೀನೂ ನಿಮ್ಮ ಕಣ್ಣಿಗೇ ಬೀಳ್ಬೇಕು ಅಂತ ಏನಿದೆ?" ಎಂದಳು ಅವಳು. "ಹಿಂದಿನ ಕೋಣೇಲಿ ಮಟಮಟ ಮಧ್ಯಾಹ್ನಾನೂ ಸೂಜಿಗೆ ದಾರ ಹೋಗಲ್ಲ."

ಮೂರರಲ್ಲಿ ಒಂದನ್ನು ಬಿಡುವುದೆಂದು ನಿರ್ಧರಿಸಿಯೇ ಮೊದಲ ದಿನ ಕೂತ. ಆದರೆ ಹೆಬ್ಬೆರಳು ಕೇಳಬೇಕಲ್ಲ. ಮನಸ್ಸು ಬಿಡು ಎನ್ನುವಷ್ಟರಲ್ಲಿ ಟಿಕ್ ಆಗಿರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದೂ ಅಲ್ಲ, ಇಲಾಖೆ ಅಂಟಿಸಿದ್ದು. ಸಂಜೆ ಕೂಡಿ ನೋಡಿದರೆ ಒಂಬತ್ತು ಸಾವಿರದ ನಾನೂರು.

ಎರಡನೇ ದಿನ ಬೆಳಿಗ್ಗೆ ಹೆಂಡತಿ ಎಡಗೈ ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿ, ಬಿಚ್ಚದಂತೆ ಹೊಲಿದುಬಿಟ್ಟಳು. ಬೆರಳು ಗುಂಡಿಯ ಮೇಲೆ ಜಾರತೊಡಗಿತು. ಸ್ಕೂಟರು ಹೋಗುತ್ತಿತ್ತು, ಟಿಕ್ ಬರುತ್ತಿರಲಿಲ್ಲ. ಪ್ರತಿ ಸಲವೂ ಅವನಿಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಗುತ್ತಿತ್ತು. ಆ ದಿನ ಏಳು ಸಾವಿರದ ಆರುನೂರು; ಮೂರನೇ ದಿನವೂ ಸುಮಾರು ಅಷ್ಟೇ. ಮೊದಲ ದಿನದ ಹಾಳೆ ಹರಿದು, ಅದೇ ಮುತ್ತಿನಂಥ ಅಕ್ಷರದಲ್ಲಿ ಸುಳ್ಳು ಬರೆದ.

ಮರುದಿನ ಇಲಾಖೆಯ ಎಂಜಿನಿಯರರ ಮೇಜಿನ ಮೇಲೆ ಹಾಳೆಗಳನ್ನಿಟ್ಟ. ಅವರು ನೋಡಲೂ ಇಲ್ಲ. ಹಾಗೇ ಫೈಲಿಗೆ ಸಿಕ್ಕಿಸಿದರು. ಪಕ್ಕದಲ್ಲಿ ಅವನ ಬೀದಿಯ ನಕ್ಷೆ ಹರಡಿತ್ತು. ಮಡಿಕೆ ಮಡಿಕೆಯಲ್ಲಿ ಸವೆದಿತ್ತು. ಅವನ ಮನೆಯ ಮೇಲೆ ಕೆಂಪು ಗೆರೆ.

"ಸರ್, ಲೆಕ್ಕ ಎಂಟು ಸಾವಿರ ದಾಟಿಲ್ಲ."

"ಪರವಾಗಿಲ್ಲ ಬಿಡಿ. ನಕ್ಷೆ ಹೋದ ವರ್ಷಾನೇ ಪಾಸಾಗಿದೆ. ಫೈಲಲ್ಲಿ ಎಣಿಕೆ ಹಾಳೆ ಅಂತ ಒಂದಿರ್ಬೇಕು, ಅಷ್ಟೇ."

"ಇದೊಂದಕ್ಕೆ ಹೀಗಾ ಸರ್, ಎಲ್ಲದಕ್ಕೂನಾ?"

"ಎಲ್ಲದಕ್ಕೂ. ಇಷ್ಟು ವರ್ಷ ಆಯ್ತು, ನಿಮಗೆ ಗೊತ್ತಿಲ್ವಾ?" ಎಂಜಿನಿಯರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಯಂತ್ರ ನಿಲ್ಲಿಸಿದಳು.

"ಕೋಣೆ ಹೋಯ್ತಾ?"

"ಹೋಯ್ತು. ಕೋಣೆ ಹೋದ್ರೆ ಹೋಗ್ಲಿ ಕಣೇ. ಇಪ್ಪತ್ತೆರಡು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಅವಳು ಅವನ ಎಡಗೈಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಕತ್ತರಿಯ ತುದಿಯಿಂದ ಬೆರಳ ಬಟ್ಟೆಯ ಹೊಲಿಗೆ ಒಂದೊಂದಾಗಿ ಬಿಚ್ಚಿದಳು. ಹೊರಗೆ ಸ್ಕೂಟರೊಂದು ಹೋಯಿತು. ಬರಿದಾದ ಹೆಬ್ಬೆರಳು ಅವಳ ಅಂಗೈಯನ್ನು ಒಮ್ಮೆ ಒತ್ತಿತು.

"ಸಾಕು ಬಿಡಿ," ಎಂದಳು ಅವಳು. ಅಷ್ಟರಲ್ಲಿ ಇನ್ನೆರಡು ಹೋದವು.