ಮೈನಸ್ ಐವತ್ತು ಜನರ ಮದುವೆ

ನನ್ನ ಓರಗಿತ್ತಿ ಮೊದಲ ಸಲ ನನ್ನ ಕೆಲಸವನ್ನು ಕೆಡಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಹಳೇ ಯಲಹಂಕದ ನಮ್ಮ ಮನೆಯ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ.

ಆಗ ನಾನು ಆರ್.ಟಿ. ನಗರದ ಒಂದು ಬೇಕರಿಯ ಮೇಲಿದ್ದ ಪುಟ್ಟ ಕಂಪನಿಯಲ್ಲಿ ವೆಬ್‌ಸೈಟ್ ಬರೆಯುತ್ತಿದ್ದೆ. ಹೆಬ್ಬಾಳದಾಚೆ ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ಧೂಳು ಕುಡಿದುಕೊಂಡೇ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಮದುವೆ ಛತ್ರಗಳನ್ನು ಇಂಟರ್ನೆಟ್ಟಿನಲ್ಲೇ ಗೊತ್ತುಮಾಡುವ ಒಂದು ಸೈಟ್ ನಮ್ಮ ಕೈಗೆ ಬಂದಿತ್ತು. ಹುಡುಗ ಹುಡುಗಿಯ ಹೆಸರು, ಛತ್ರ ಗೊತ್ತುಮಾಡುವ ಹಿರಿಯರ ಹೆಸರು ವಿಳಾಸ, ತಾರೀಖು, ಬರುವ ಜನ ಎಷ್ಟು ಎಂದು ತುಂಬುವ ಪುಟ ನನ್ನ ಪಾಲಿನದು. ಆ ಭಾನುವಾರ ಅದನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ತಂದು ಕೂತಿದ್ದೆ.

ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಾಗಲೂರು ಕಡೆಯವಳು, ಬಿಕಾಂ ಓದಿದ್ದಳು, ಬಾಯಿ ಜೋರು. ಸಿಪ್ಪೆ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, "ಅಕ್ಕ, ನಾನೊಂದ್ಸಲ ಒತ್ಲಾ?" ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು. ಹುಡುಗನ ಹೆಸರಿನ ಜಾಗದಲ್ಲೂ ಹುಡುಗಿಯ ಹೆಸರಿನ ಜಾಗದಲ್ಲೂ ತನ್ನ ಹೆಸರನ್ನೇ ಹಾಕಿದಳು. ತಾರೀಖು ಹೋದ ವರ್ಷದ್ದು. ಜನ ಮೈನಸ್ ಐವತ್ತು. ಪುಟ ಒಂದಕ್ಕೂ ತಕರಾರು ತೆಗೆಯಲಿಲ್ಲ. "ಅಭಿನಂದನೆಗಳು" ಎಂದು ಹೂವಿನ ಚಿತ್ರ ತೋರಿಸಿ, ಊಟದ ಖರ್ಚನ್ನೂ ಮೈನಸ್‌ನಲ್ಲೇ ಲೆಕ್ಕ ಹಾಕಿ ಕೊಟ್ಟಿತು.

"ನೋಡಿ ಅತ್ತೆ, ಛತ್ರದವ್ರೇ ನಮಗೆ ದುಡ್ಡು ಕೊಡ್ತಾರಂತೆ!" ಎಂದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಐದು ವರ್ಷದಿಂದ ಸೊಸೆಯಾಗಿದ್ದ ನಾನು ಅವರನ್ನು ಒಮ್ಮೆಯೂ ಹಾಗೆ ನಗಿಸಿರಲಿಲ್ಲ.

ಸೋಮವಾರ ಆಫೀಸಿನಲ್ಲಿ ತಮಾಷೆಗೆಂದು ನಾನೇ ಇದನ್ನು ಹೇಳಿದೆ. ನಮ್ಮ ಬಾಸ್ ನಗಲಿಲ್ಲ. "ಮೇಡಂ, ಟೆಸ್ಟಿಂಗ್‌ಗೆ ಜನ ಸಿಗ್ದೆ ಒದ್ದಾಡ್ತಿದೀನಿ. ಅವ್ರನ್ನ ಕರ್ಕೊಂಡ್ ಬನ್ನಿ" ಎಂದರು.

ಮುಂದಿನ ವಾರದಿಂದ ಅವಳು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಳು. ನಾನು ಬರೆದದ್ದನ್ನು ಮುರಿಯುವುದೇ ಅವಳ ಕೆಲಸ, ಅದಕ್ಕೆ ಸಂಬಳ ಬೇರೆ. ಫೋನ್ ನಂಬರಿನ ಜಾಗದಲ್ಲಿ ಬರೀ ಸೊನ್ನೆಗಳನ್ನು ಒತ್ತುವಳು, ಫೆಬ್ರವರಿ ಮೂವತ್ತಕ್ಕೆ ಮದುವೆ ಇಡುವಳು, ಹೆಸರಿನ ಜಾಗಕ್ಕೆ ಒಂದು ಪುಟ ಕೋಡನ್ನೇ ತಂದು ಸುರಿಯುವಳು. ಪುಟ ಕುಸಿದು ಬಿದ್ದಾಗಲೆಲ್ಲಾ ಆಫೀಸಿಗೆ ಆಫೀಸೇ ಅವಳ ಮೇಜಿನ ಸುತ್ತ ಸೇರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ನನ್ನ ಗಂಡ ನನ್ನನ್ನು ಬಿಟ್ಟು ಅವಳನ್ನು ಕೇಳುತ್ತಿದ್ದರು, "ಏನಮ್ಮಾ, ಇವತ್ತೇನ್ ಮುರಿದೆ?" ಅತ್ತೆ ಅವಳ ಡಬ್ಬಿಗೆ ಚಿತ್ರಾನ್ನದ ಮೇಲೆ ಕಡಲೆಬೀಜ ಜಾಸ್ತಿ ಉದುರಿಸುತ್ತಾರೆ ಎಂದು ನನಗೆ ಅನ್ನಿಸತೊಡಗಿತು. ಒಂದು ದಿನ ಎರಡೂ ಡಬ್ಬಿಗಳ ಮುಚ್ಚಳ ತೆಗೆದು ನೋಡಿಯೂಬಿಟ್ಟೆ. ಒಂದೇ ಸಮ ಇತ್ತು. ಅದಕ್ಕೂ ಸಿಟ್ಟು ಬಂತು.

ಅವಳ ಕೈಗೆ ಜಗ್ಗದಂಥ ಪುಟ ಬರೆಯಬೇಕೆಂದು ಹಠ ಹುಟ್ಟಿತು. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನೂ ಇರಕೂಡದು, ಅದೂ ಮೂರಕ್ಕಿಂತ ಕಮ್ಮಿ ಇರಕೂಡದು. ಇನಿಷಿಯಲ್ ಬೇಕೇ ಬೇಕು. ಮನೆ ನಂಬರ್ ಇಲ್ಲದಿದ್ದರೆ ಮುಂದೆ ಹೋಗಲು ಬಿಡಕೂಡದು. ಬ್ರೌಸರಿನಲ್ಲಿ ಹೇಗಾದರೂ ತಪ್ಪಿಸಿಕೊಂಡು ಬಂದದ್ದನ್ನು ಸರ್ವರಿನಲ್ಲಿ ಮತ್ತೊಮ್ಮೆ ತಡೆಯಬೇಕು. ಇಡೀ ವಾರ ಅದರ ಮೇಲೇ ಕೂತೆ. ಅವಳು ಒಂದು ಬೆಳಗ್ಗೆಯೆಲ್ಲಾ ಗುದ್ದಾಡಿ, ಕೊನೆಗೆ ಕುರ್ಚಿಗೆ ಒರಗಿ, "ಸೋತೆ ಅಕ್ಕ, ಎಲ್ಲೂ ಸಂದಿ ಇಲ್ಲ" ಎಂದಳು. ನಾನು ಕೆಳಗಿನ ಬೇಕರಿಗೆ ಹೋಗಿ ದಿಲ್‌ಪಸಂದ್ ತೆಗೆದುಕೊಂಡು ಒಬ್ಬಳೇ ನಿಂತು ತಿಂದೆ. ಅಷ್ಟು ರುಚಿಯಾದ ದಿಲ್‌ಪಸಂದ್ ಮತ್ತೆಂದೂ ತಿಂದಿಲ್ಲ.

ಅದೇ ತಿಂಗಳು ಅವಳ ತಮ್ಮನ ಮದುವೆ ಗೊತ್ತಾಯಿತು. ಯಲಹಂಕದ ಒಂದು ಛತ್ರವೂ ನಮ್ಮ ಸೈಟಿನಲ್ಲಿತ್ತು. ಊಟದ ಬಿಡುವಿನಲ್ಲಿ ಅದನ್ನು ಗೊತ್ತುಮಾಡಲು ಕೂತವಳು ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ಪರದೆಯ ಮೇಲೆ ಕೆಂಪಕ್ಷರದಲ್ಲಿ "ಸರಿಯಾದ ಹೆಸರು ನಮೂದಿಸಿ" ಎಂದಿತ್ತು.

"ಅಕ್ಕ, ನಮ್ಮಪ್ಪನ ಹೆಸ್ರು ಸರಿ ಇಲ್ವಂತೆ."

ನಾಟಕ ಆಡುತ್ತಿದ್ದಾಳೆಂದುಕೊಂಡು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಪೆಚ್ಚಾಗಿದ್ದಳು. ಅವರಪ್ಪನ ಹೆಸರು ಎರಡೇ ಅಕ್ಷರದ್ದು. ಇನಿಷಿಯಲ್ ಇಲ್ಲ. ಊರಿನ ಮನೆಗೆ ನಂಬರ್ ಇಲ್ಲ.

"ಏನೋ ಒಂದ್ ಇನಿಷಿಯಲ್ ಹಾಕು. ಹೆಸರಿಗೆ 'ಅಪ್ಪ' ಅಂತ ಸೇರಿಸು. ಮನೆ ನಂಬರ್ ಒಂದು ಅಂತ ಹಾಕು, ತಗೊಳ್ಳುತ್ತೆ" ಎಂದೆ.

"ಸುಳ್ಳು ಆಕಿದ್ರೆ ಒಳಗ್ ಬಿಡ್ತದೆ, ನಿಜ ಆಕಿದ್ರೆ ಬಿಡಲ್ವಾ?"

ಬಾಸ್ ಹಿಂದೆಯೇ ನಿಂತಿದ್ದರು. "ಇದು ಕಣ್ರೀ ಟೆಸ್ಟಿಂಗ್ ಅಂದ್ರೆ!" ಎಂದು ಮೇಜು ತಟ್ಟಿದರು. ಅವಳು ಟೆಸ್ಟಿಂಗ್ ಮಾಡುತ್ತಿರಲಿಲ್ಲ, ತಮ್ಮನ ಮದುವೆಗೆ ಛತ್ರ ಹುಡುಕುತ್ತಿದ್ದಳು. ಸುಮ್ಮನೆ ಕೂತರೂ ಗೆಲ್ಲುತ್ತಾಳಲ್ಲ ಎಂದು ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಆ ಸಂಜೆಯೇ ಕೂತು, ಹೆಸರು ಎಷ್ಟು ಚಿಕ್ಕದಿದ್ದರೂ ನಡೆಯುವಂತೆ ಮಾಡಿದೆ, ಇನಿಷಿಯಲ್ಲನ್ನೂ ಮನೆ ನಂಬರನ್ನೂ ಇಷ್ಟವಿದ್ದರೆ ತುಂಬಿ ಎಂದು ಬದಲಾಯಿಸಿದೆ.

ಮದುವೆ ಅದೇ ಛತ್ರದಲ್ಲಿ ಆಯಿತು. ಊಟದ ಪಂಕ್ತಿಯ ಹತ್ತಿರ ಅವರಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಹೆಗಲ ಮೇಲೆ ಹೊಸ ಟವೆಲ್, ಎರಡೂ ಕೈ ಜೋಡಿಸಿದ್ದರು. "ನಮ್ ಮಗ್ಳು ಯೋಳ್ತಿದ್ಳು ಕಣವ್ವಾ, ಕಂಪ್ಯೂಟ್ರು ಕೆಲ್ಸ ಎಲ್ಲಾ ನಮ್ಮಕ್ಕನೇ ಕಲ್ಸಿದ್ದು ಅಂತ. ಮನೇಗ್ ಬಂದವ್ರತ್ರೆಲ್ಲಾ ನಿನ್ ಮಾತೇ ಆಡ್ತಾಳೆ."

ನಾನು ಅವಳಿಗೆ ಏನನ್ನೂ ಕಲಿಸಿರಲಿಲ್ಲ. ನನ್ನ ಎಲೆಗೆ ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು. ಪಕ್ಕದ ಸಾಲಿನಲ್ಲಿ ಅವಳು ಮೈದುನನ ಜೊತೆ ಏನೋ ಹೇಳಿ ನಗುತ್ತಿದ್ದಳು. ಅವಳ ಬಗ್ಗೆ ನಾನು ಎಲ್ಲೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಅವಳು ಊರಿಗೆಲ್ಲಾ ನನ್ನನ್ನು ಹೊಗಳಿಕೊಂಡು ಬಂದಿದ್ದಳು. ಮನಸ್ಸಿನ ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂಬ ಉರಿ ಮೊದಲಿನ ಎಲ್ಲ ಉರಿಗಿಂತ ಜೋರಾಗಿತ್ತು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮರುವರ್ಷ ಹೆಬ್ಬಾಳದ ಕಡೆಯ ಒಂದು ದೊಡ್ಡ ಕಂಪನಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಬೆಳಗ್ಗೆ ಬೀದಿಯ ತಿರುವಿಗೆ ಕ್ಯಾಬ್ ಬರುತ್ತಿತ್ತು. ನಾನು ಆರ್.ಟಿ. ನಗರದಲ್ಲೇ ಉಳಿದೆ. ಸಂಜೆ ಅಡಿಗೆಮನೆಯಲ್ಲಿ ನಾನು ಮುದ್ದೆ ತಿರುವುವಾಗ ಅವಳು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಆಫೀಸಿನ ಕೋಡ್ ತೋರಿಸಿ, "ಅಕ್ಕ, ಈ ಸಾಲು ಏನ್ ಮಾಡ್ತದೆ, ಓದಿ ಯೋಳಿ" ಎನ್ನುತ್ತಿದ್ದಳು. ಕೋಲು ಬಿಟ್ಟು ಓದಿ ಹೇಳುತ್ತಿದ್ದೆ. ಇದೊಂದಕ್ಕಾದರೂ ಅವಳಿಗೆ ನಾನು ಬೇಕು ಎಂದು ಹಿತವಾಗುತ್ತಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲೇ, "ಆಂ, ಗೊತ್ತಾಯ್ತು ಬಿಡಿ" ಎಂದು ಅವಳು ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದಳು.